‘ಕ್ಲಿಕ್’ ಎಂದು ಕೂಡಿದ ಅಣುಗಳನ್ನು ಮತ್ತೆ ಬಿಡಿಸುವುದು ಹೇಗೆ?

ಒಡೆದ ಪ್ಲಾಸ್ಟಿಕ್ ಬಕೆಟ್ಟಿಗೆ ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕಾಸು ಕೊಡುತ್ತಾರೆ. ಕುಕ್ಕರಿನ ಮುರಿದ ಕರಿ ಹಿಡಿಯನ್ನು ಕೊಟ್ಟು ನೋಡಿ, ಪಕ್ಕಕ್ಕೆ ಎಸೆಯುತ್ತಾರೆ. ಎರಡೂ ಪ್ಲಾಸ್ಟಿಕ್ಕೇ. ಆದರೆ ಬಕೆಟ್ಟು ಬಿಸಿಗೆ ಕರಗುತ್ತದೆ, ಕರಗಿದ್ದು ಮತ್ತೊಂದು ಬಕೆಟ್ಟೋ ಮಗ್ಗೋ ಆಗುತ್ತದೆ. ಹಿಡಿ ಕರಗುವುದಿಲ್ಲ. ಬಿಡದೆ ಕಾಯಿಸಿದರೆ ಸುಟ್ಟು ಕರಕಲಾಗುತ್ತದೆ, ಅಷ್ಟೆ.

ಈ ವ್ಯತ್ಯಾಸಕ್ಕೆ ಕಾರಣ ಅಣುಗಳ ನಡುವಿನ ಬೆಸುಗೆ. ಬಕೆಟ್ಟಿನಲ್ಲಿ ಉದ್ದುದ್ದನೆಯ ಅಣುಗಳು ಒಂದರ ಪಕ್ಕ ಒಂದು ಸುಮ್ಮನೆ ಹೆಣೆದುಕೊಂಡು ಬಿದ್ದಿರುತ್ತವೆ. ಕುಕ್ಕರ್ ಹಿಡಿಯ ಬೇಕಲೈಟಿನಲ್ಲಿ ಅವು ಅಡ್ಡಡ್ಡಲಾಗಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಇಡೀ ಹಿಡಿಯೇ ಹೆಚ್ಚುಕಡಿಮೆ ಒಂದು ದೈತ್ಯ ಅಣು. ಟೈರಿನ ರಬ್ಬರು, ದೋಣಿಯ ಫೈಬರು, ಗಾಳಿಯಂತ್ರದ ರೆಕ್ಕೆ ಎಲ್ಲವೂ ಈ ಎರಡನೆಯ ಜಾತಿಯವು. ಅವುಗಳ ಗಟ್ಟಿತನಕ್ಕೂ ಬಾಳಿಕೆಗೂ ಆ ಬೆಸುಗೆಯೇ ಕಾರಣ. ಕೆಲಸ ಮುಗಿದ ಮೇಲೆ ಅವು ಕಸದ ಗುಡ್ಡೆಯಲ್ಲಿ ಕೊಳೆಯದೆ ಬಿದ್ದಿರುವುದಕ್ಕೂ ಅದೇ ಕಾರಣ.

ಬಳಕೆಯಲ್ಲಿರುವಷ್ಟು ಕಾಲ ಬಿಗಿಯಾಗಿದ್ದು, ನಾವು ಹೇಳಿದಾಗ ಮಾತ್ರ ಬಿಟ್ಟುಕೊಡುವ ಬೆಸುಗೆ ಸಾಧ್ಯವೇ? ‘ಹಿಂದಿರುಗಬಲ್ಲ ಕ್ಲಿಕ್ ರಸಾಯನ’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕೆಲಸದ ತಿರುಳು ಈ ಪ್ರಶ್ನೆ. ಪ್ಲಾಸ್ಟಿಕ್ ಮರುಬಳಕೆಯಿಂದ ಹಿಡಿದು ಕ್ಯಾನ್ಸರ್ ಔಷಧದವರೆಗೆ ಇದರ ಹೆಸರು ಕೇಳಿಬರುತ್ತಿದೆ. ವಿಷಯ ಕೆಮಿಸ್ಟ್ರಿಯದಾದರೂ ಹೈಸ್ಕೂಲಿನ ವಿಜ್ಞಾನ ಸ್ವಲ್ಪ ನೆನಪಿದ್ದರೆ ಸಾಕು, ಹಿಡಿತಕ್ಕೆ ಸಿಗುತ್ತದೆ.

ಅಣು, ಬಂಧ, ಮತ್ತು ಒಂದು ತಾಪತ್ರಯ

ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂಡಿದರೆ ಅದು ಬಂಧ. ಹಾಗೆ ಕೂಡಿದ ಪರಮಾಣುಗಳ ಗುಂಪೇ ಅಣು. ಎರಡು ಅಣುಗಳನ್ನು ಜೋಡಿಸಿ ಮೂರನೆಯದನ್ನು ಮಾಡುವುದು ರಸಾಯನಶಾಸ್ತ್ರಜ್ಞರ ದಿನನಿತ್ಯದ ಕೆಲಸ. ಔಷಧ, ಬಣ್ಣ, ಗೋಂದು, ಕೀಟನಾಶಕ ಎಲ್ಲವೂ ಹೀಗೆಯೇ ಹುಟ್ಟುವುದು.

ಕಾಗದದ ಮೇಲೆ ಇದು ಸುಲಭ. ಪ್ರಯೋಗಾಲಯದಲ್ಲಿ ಅಲ್ಲ. ‘ಅ’ ಮತ್ತು ‘ಬ’ ಎಂಬ ಎರಡು ಅಣುಗಳನ್ನು ಕೂಡಿಸಲು ಹೋದರೆ, ‘ಅ’ದ ಒಂದು ಪಾಲು ‘ಬ’ದ ತಪ್ಪು ತುದಿಗೆ ಅಂಟುತ್ತದೆ, ಇನ್ನೊಂದು ಪಾಲು ತನ್ನ ಜೊತೆಗೇ ಕೂಡಿಕೊಳ್ಳುತ್ತದೆ, ಮತ್ತೊಂದು ಪಾಲು ಗಾಳಿಯ ತೇವಕ್ಕೆ ಹಾಳಾಗುತ್ತದೆ. ಬೇಡದ್ದನ್ನೆಲ್ಲ ಸೋಸಿ ತೆಗೆಯುವಷ್ಟರಲ್ಲಿ ಬೇಕಾದದ್ದು ಚಿಟಿಕೆಯಷ್ಟು ಉಳಿದರೆ ಪುಣ್ಯ. ಔಷಧ ತಯಾರಿಕೆಯಲ್ಲಿ ಹತ್ತು ಹದಿನೈದು ಹಂತಗಳಿರುತ್ತವೆ. ಪ್ರತಿ ಹಂತದಲ್ಲಿ ಶೇ 70ರಷ್ಟು ಉಳಿದರೂ ಹತ್ತನೆಯ ಹಂತದ ಹೊತ್ತಿಗೆ ಕೈಯಲ್ಲಿ ಶೇ 3ರಷ್ಟೂ ಇರುವುದಿಲ್ಲ. ಬೇಕಿದ್ದರೆ ಕ್ಯಾಲ್ಕುಲೇಟರಿನಲ್ಲಿ 0.7 ಅನ್ನು ಹತ್ತು ಸಲ ಗುಣಿಸಿ ನೋಡಿ.

‘ಕ್ಲಿಕ್’ ಎಂದರೆ ಯಾವ ಬಗೆಯ ಕ್ರಿಯೆ?

ಈ ತಾಪತ್ರಯಕ್ಕೆ ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ 2001ರಲ್ಲಿ ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ ಒಂದು ದಾರಿ ಸೂಚಿಸಿದರು. ಕಷ್ಟದ ಕ್ರಿಯೆಗಳ ಹಿಂದೆ ಬೀಳುವುದು ಬಿಟ್ಟು, ಬೆರಳೆಣಿಕೆಯ ಒಳ್ಳೆಯ ಕ್ರಿಯೆಗಳನ್ನು ಆರಿಸಿಕೊಂಡು ಎಲ್ಲವನ್ನೂ ಅವುಗಳಿಂದಲೇ ಕಟ್ಟೋಣ ಎಂಬುದು ಅವರ ಮಾತು. ಆಯ್ಕೆಗೆ ಷರತ್ತುಗಳನ್ನೂ ಹಾಕಿದರು: ಕ್ರಿಯೆ ಬೇಗ ಮುಗಿಯಬೇಕು, ಹಾಕಿದ್ದೆಲ್ಲ ಉತ್ಪನ್ನವಾಗಬೇಕು, ಅಡ್ಡ ಉತ್ಪನ್ನಗಳು ಇರಬಾರದು ಇಲ್ಲವೇ ಸುಲಭವಾಗಿ ತೊಲಗಬೇಕು, ನೀರು ಅಥವಾ ಗಾಳಿ ತಾಗಿದರೆ ಕೆಡಬಾರದು.

ಬಟ್ಟೆಯ ಎರಡು ಅಂಚುಗಳನ್ನು ಸೂಜಿದಾರದಲ್ಲಿ ಹೊಲಿದು ಕೂಡಿಸಬಹುದು, ಟಿಚ್ ಬಟನ್ ಹಾಕಿಯೂ ಕೂಡಿಸಬಹುದು. ಹೊಲಿಗೆಗೆ ಕೈಚಳಕ ಬೇಕು, ಪ್ರತಿ ಬಟ್ಟೆಗೂ ಬೇರೆ ಲೆಕ್ಕ. ಟಿಚ್ ಬಟನ್ನಿಗೆ ಬಟ್ಟೆ ಯಾವುದಾದರೇನು? ಗಂಡು ಭಾಗ ಒಂದು ಕಡೆ, ಹೆಣ್ಣು ಭಾಗ ಇನ್ನೊಂದು ಕಡೆ ಇದ್ದರೆ ಒತ್ತಿದ ಕೂಡಲೇ ಟಿಚ್ ಎನ್ನುತ್ತದೆ. ಬೇರೆ ಯಾವುದಕ್ಕೂ ಸಿಕ್ಕಿಕೊಳ್ಳುವುದೂ ಇಲ್ಲ. ಕ್ಲಿಕ್ ರಸಾಯನದಲ್ಲೂ ಹಾಗೆಯೇ: ಒಂದು ಅಣುವಿಗೆ ಗಂಡು ಬಟನ್, ಇನ್ನೊಂದಕ್ಕೆ ಹೆಣ್ಣು ಬಟನ್ ಮೊದಲೇ ಕೂಡಿಸಿಟ್ಟರೆ, ಮಿಕ್ಕ ಅಣು ಎಂಥದ್ದೇ ಇರಲಿ, ಅವೆರಡು ಹುಡುಕಿಕೊಂಡು ಹೋಗಿ ಸೇರುತ್ತವೆ.

ಇಂಥ ಬಟನ್ ಜೋಡಿಗಳಲ್ಲಿ ಹೆಸರಾದದ್ದು ಅಜೈಡ್ ಮತ್ತು ಆಲ್ಕೈನ್. ಅಜೈಡ್ ಎಂದರೆ ಸಾಲಾಗಿ ನಿಂತ ಮೂರು ನೈಟ್ರೋಜನ್ ಪರಮಾಣುಗಳು. ಆಲ್ಕೈನ್ ಎಂದರೆ ಮೂರು ಪದರದ ಬಂಧದಲ್ಲಿ ಕೂಡಿದ ಎರಡು ಕಾರ್ಬನ್ ಪರಮಾಣುಗಳು. ಈ ಎರಡೂ ಸೇರಿದರೆ ಐದು ಪರಮಾಣುಗಳ ಉಂಗುರ. ಅದಕ್ಕೆ ಟ್ರಯಜೋಲ್ ಎಂದು ಹೆಸರು. ಜರ್ಮನಿಯ ರಾಲ್ಫ್ ಹ್ಯೂಸ್ಗೆನ್ 1960ರ ದಶಕದಲ್ಲೇ ಈ ಕ್ರಿಯೆಯನ್ನು ಆಳವಾಗಿ ಅಭ್ಯಾಸ ಮಾಡಿದ್ದರು. ಆದರೆ ಅದಕ್ಕೆ ಬಿಸಿ ಬೇಕಿತ್ತು, ಹೊತ್ತು ಹಿಡಿಯುತ್ತಿತ್ತು, ಎರಡು ಬಗೆಯ ಉಂಗುರಗಳು ಬೆರೆತು ಬರುತ್ತಿದ್ದವು.

ತಿರುವು ಬಂದದ್ದು ತಾಮ್ರದಿಂದ. ಡೆನ್ಮಾರ್ಕಿನ ಮಾರ್ಟನ್ ಮೆಲ್ಡಾಲ್ ಬೇರೇನನ್ನೋ ಮಾಡಲು ಹೋಗಿ, ತಾಮ್ರ ಹಾಕಿದ ಪಾತ್ರೆಯಲ್ಲಿ ಆಲ್ಕೈನ್ ತಾವು ಎಣಿಸಿದ ತುದಿಯನ್ನು ಬಿಟ್ಟು ಅದೇ ಅಣುವಿನ ಇನ್ನೊಂದು ತುದಿಯಲ್ಲಿದ್ದ ಅಜೈಡಿಗೆ ಹೋಗಿ ಸೇರಿಕೊಂಡದ್ದನ್ನು ಕಂಡರು. ಶಾರ್ಪ್‌ಲೆಸ್ ತಂಡವೂ ಸ್ವತಂತ್ರವಾಗಿ ಅದೇ ಫಲಿತಾಂಶಕ್ಕೆ ಬಂದಿತ್ತು. ಇಬ್ಬರೂ 2002ರಲ್ಲಿ ಪ್ರಕಟಿಸಿದರು. ತಾಮ್ರವಿದ್ದರೆ ಕ್ರಿಯೆಯ ವೇಗ ಒಂದು ಕೋಟಿ ಪಟ್ಟಿನವರೆಗೂ ಏರುತ್ತದೆ, ಒಂದೇ ಬಗೆಯ ಉಂಗುರ ಬರುತ್ತದೆ, ಕೋಣೆಯ ಉಷ್ಣಾಂಶವೇ ಸಾಕು.

ತಾಮ್ರ ಜೀವಕೋಶಗಳಿಗೆ ವಿಷ. ಹಾಗಾಗಿ ಕ್ಯಾಲಿಫೋರ್ನಿಯಾದ ಕ್ಯಾರೊಲಿನ್ ಬೆರ್ಟೊಜಿ 2004ರಲ್ಲಿ ತಾಮ್ರವೇ ಬೇಡದ ದಾರಿ ಕಂಡುಕೊಂಡರು. ನೇರವಾಗಿರಲು ಬಯಸುವ ಆಲ್ಕೈನನ್ನು ಎಂಟು ಕಾರ್ಬನ್‌ಗಳ ಉಂಗುರದೊಳಗೆ ಬಲವಂತವಾಗಿ ಬಗ್ಗಿಸಿಟ್ಟರೆ, ಆ ಬಿಗಿತದಿಂದ ಪಾರಾಗುವ ಆತುರಕ್ಕೆ ಅದು ತಾನಾಗಿ ಅಜೈಡಿನ ಜೊತೆ ಕೂಡುತ್ತದೆ. ಜೀವಂತ ಕೋಶಗಳ ಮೈಮೇಲಿನ ಸಕ್ಕರೆ ಸರಪಳಿಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡಲು ಸಾಧ್ಯವಾದದ್ದು ಹೀಗೆ. 2022ರ ರಸಾಯನ ನೊಬೆಲ್ ಈ ಮೂವರಿಗೆ ಸಂದಿತು. ಶಾರ್ಪ್‌ಲೆಸ್‌ಗೆ ಅದು ಎರಡನೆಯ ನೊಬೆಲ್. ಮೊದಲನೆಯದು 2001ರಲ್ಲೇ ಬಂದಿತ್ತು.

ಟಿಚ್ ಬಟನ್ ಎಂದರು, ಆದರೆ ಅದು ಬಿಚ್ಚುವುದಿಲ್ಲ

ಹೋಲಿಕೆ ಇಲ್ಲಿ ಕೈಕೊಡುತ್ತದೆ. ಅಂಗಿಯ ಬಟನ್ನನ್ನು ಎಳೆದರೆ ಬಿಚ್ಚಿಕೊಳ್ಳುತ್ತದೆ. ಟ್ರಯಜೋಲ್ ಉಂಗುರ ಜಪ್ಪಯ್ಯ ಎಂದರೂ ಬಿಚ್ಚುವುದಿಲ್ಲ.

ಯಾಕೆ? ಶಾರ್ಪ್‌ಲೆಸ್ ಹಾಕಿದ ಷರತ್ತುಗಳಲ್ಲೇ ಉತ್ತರವಿದೆ. ಒಳ್ಳೆಯ ಕ್ಲಿಕ್ ಕ್ರಿಯೆ ಸಾಮಾನ್ಯವಾಗಿ ಮೋಲ್ ಒಂದಕ್ಕೆ 20 ಕಿಲೋಕ್ಯಾಲೊರಿಗಿಂತ ಹೆಚ್ಚು ಶಕ್ತಿಯ ಇಳಿಜಾರಿನಲ್ಲಿ ನಡೆಯಬೇಕು ಎಂದು ಅವರು ಬರೆದಿದ್ದರು. ಮೋಲ್ ಎಂದರೆ ಅಣುಗಳನ್ನು ಎಣಿಸುವ ಒಂದು ದೊಡ್ಡ ಅಳತೆ. ಕೋಣೆಯ ಉಷ್ಣಾಂಶದಲ್ಲಿ ಅಣುಗಳ ಅಲುಗಾಟಕ್ಕಿರುವ ಶಕ್ತಿ ಅದೇ ಅಳತೆಯಲ್ಲಿ ಸುಮಾರು 0.6 ಕಿಲೋಕ್ಯಾಲೊರಿ. ಅಂದರೆ ಕೂಡುವಾಗ ಇಳಿದ ಇಳಿಜಾರು ಅಣುವಿನ ಮಾಮೂಲಿ ಅಲುಗಾಟದ ಮೂವತ್ತು ಪಟ್ಟಿಗೂ ಮಿಗಿಲು. ಹಾಗೆ ಇಳಿದದ್ದು ಮತ್ತೆ ತಾನಾಗಿ ಮೇಲೆ ಹತ್ತಿ ಬರುವುದಿಲ್ಲ. ಕ್ರಿಯೆ ಬೇಗ, ಪೂರ್ತಿಯಾಗಿ, ಗಲೀಜಿಲ್ಲದೆ ಮುಗಿಯುವುದಕ್ಕೆ ಯಾವುದು ಕಾರಣವೋ ಅದೇ ಅದನ್ನು ಬಿಡಿಸಲಾಗದಂತೆಯೂ ಮಾಡಿದೆ.

ಟ್ರಯಜೋಲನ್ನು ಬಿಡಿಸುವ ಆಸೆ ಎಷ್ಟಿತ್ತೆಂದರೆ, ಉದ್ದನೆಯ ಪಾಲಿಮರ್ ಸರಪಳಿಯ ನಡುವೆ ಅದನ್ನಿಟ್ಟು ಅಲ್ಟ್ರಾಸೌಂಡಿನಿಂದ ಎಳೆದು ಬಿಚ್ಚಿದ್ದೇವೆ ಎಂಬ ವರದಿ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ದೊಡ್ಡ ಸುದ್ದಿಯಾಯಿತು. ದತ್ತಾಂಶದ ಬಗ್ಗೆ ಪ್ರಶ್ನೆಗಳೆದ್ದು 2015ರಲ್ಲಿ ಆ ಪ್ರಬಂಧವನ್ನು ಹಿಂಪಡೆಯಲಾಯಿತು. ಇಂಟರ್ನೆಟ್ಟಿನಲ್ಲಿ ಹಳೆಯ ಸುದ್ದಿ ಈಗಲೂ ಓಡಾಡುತ್ತಿರುತ್ತದೆ. ಓದುವವರು ಇಷ್ಟು ತಿಳಿದಿದ್ದರೆ ಒಳ್ಳೆಯದು.

ಬಿಸಿ ಏರಿದರೆ ಜೋಡಿ ಬಿಡುವುದು ಯಾಕೆ?

ಹಾಗಾದರೆ ಬಿಚ್ಚುವ ಬಂಧ ಬೇಕಿದ್ದರೆ ಇಳಿಜಾರು ಅಷ್ಟು ಕಡಿದಾಗಿರಬಾರದು. ಆದರೆ ತೀರಾ ಸಪಾಟಾಗಿದ್ದರೆ ಕೂಡಿದ್ದು ನಿಲ್ಲುವುದೇ ಇಲ್ಲ. ಈ ಎರಡರ ನಡುವಿನ ಹದ ಹಿಡಿಯುವುದಕ್ಕೆ ಪ್ರಕೃತಿಯ ಎರಡು ಒಲವುಗಳನ್ನು ತಿಳಿದಿರಬೇಕು.

ಒಂದು, ಬಂಧ ಏರ್ಪಟ್ಟರೆ ಶಾಖ ಹೊರಬೀಳುತ್ತದೆ, ಅಣುಗಳು ನೆಮ್ಮದಿಯ ಸ್ಥಿತಿಗೆ ಇಳಿಯುತ್ತವೆ. ಇದು ಕೂಡುವುದರ ಪರ. ಇನ್ನೊಂದು, ಎರಡು ಬಿಡಿ ಅಣುಗಳಿಗೆ ಎಲ್ಲಿ ಬೇಕಾದರಲ್ಲಿ ಅಲೆಯುವ ಸ್ವಾತಂತ್ರ್ಯವಿದೆ. ಕೂಡಿದ ಮೇಲೆ ಒಟ್ಟಿಗೇ ತಿರುಗಬೇಕು. ಇದು ಬಿಡುವುದರ ಪರ. ವಿಜ್ಞಾನದ ಪುಸ್ತಕಗಳಲ್ಲಿ ಎಂಟ್ರೊಪಿ ಎಂದು ಕರೆಯುವುದು ಈ ಎರಡನೆಯದಕ್ಕೆ ಸಂಬಂಧಿಸಿದ್ದು. ಉಷ್ಣಾಂಶ ಏರಿದಂತೆ ಅಲೆದಾಟದ ತೂಕ ಹೆಚ್ಚುತ್ತದೆ, ಶಾಖದ ಲಾಭದ ತೂಕ ಹಾಗೆಯೇ ಇರುತ್ತದೆ. ಒಂದು ಉಷ್ಣಾಂಶದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ.

ಈ ಉಷ್ಣಾಂಶ ಎಲ್ಲ ಬಂಧಗಳಿಗೂ ಇದೆ. ಹೆಚ್ಚಿನವುಗಳಲ್ಲಿ ಅದು ಎಷ್ಟು ಮೇಲಿದೆಯೆಂದರೆ, ಅಲ್ಲಿಗೆ ಮುಟ್ಟುವ ಮೊದಲೇ ಅಣುವಿನ ಬೇರೆ ಭಾಗಗಳು ಛಿದ್ರವಾಗಿರುತ್ತವೆ. ಬೇಕಾದದ್ದು, ಬಳಸುವ ಬಿಸಿಗಿಂತ ಮೇಲೆ, ಸುಟ್ಟುಹೋಗುವ ಬಿಸಿಗಿಂತ ಕೆಳಗೆ ತಿರುಗುವ ಬಂಧ.

ಫ್ಯೂರಾನ್ ಮತ್ತು ಮಾಲಿಮೈಡ್: 60ಕ್ಕೆ ಕೂಡು, 120ಕ್ಕೆ ಬಿಡು

ಅಂಥ ಜೋಡಿ ನೂರು ವರ್ಷ ಹಳೆಯ ಒಂದು ಕ್ರಿಯೆಯೊಳಗೇ ಇತ್ತು. ಜರ್ಮನಿಯ ಒಟ್ಟೊ ಡೀಲ್ಸ್ ಮತ್ತು ಅವರ ಶಿಷ್ಯ ಕುರ್ಟ್ ಆಲ್ಡರ್ 1928ರಲ್ಲಿ ವಿವರಿಸಿದ ಕ್ರಿಯೆ ಅದು. 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಒಂದು ಅಣುವಿನ ನಾಲ್ಕು ಕಾರ್ಬನ್‌ಗಳು, ಇನ್ನೊಂದರ ಎರಡು ಕಾರ್ಬನ್‌ಗಳು ಎದುರುಬದುರಾಗಿ ನಿಂತು, ಎರಡು ಹೊಸ ಬಂಧಗಳನ್ನು ಒಂದೇ ಏಟಿಗೆ ಕಟ್ಟಿಕೊಂಡು ಆರರ ಉಂಗುರವಾಗುತ್ತವೆ. ಏನೂ ಹೊರಬೀಳುವುದಿಲ್ಲ. ಕ್ರಿಯಾವರ್ಧಕವೂ ಬೇಕಿಲ್ಲ.

ನಾಲ್ಕು ಕಾರ್ಬನ್‌ಗಳ ಪಾತ್ರಕ್ಕೆ ಫ್ಯೂರಾನನ್ನೂ ಎರಡು ಕಾರ್ಬನ್‌ಗಳ ಪಾತ್ರಕ್ಕೆ ಮಾಲಿಮೈಡನ್ನೂ ಹಾಕಿದಾಗ ವಿಶೇಷವೊಂದು ಕಾಣುತ್ತದೆ. ಮಾಲಿಮೈಡ್ ಎಂದರೆ ನಾಲ್ಕು ಕಾರ್ಬನ್ ಒಂದು ನೈಟ್ರೋಜನ್ ಸೇರಿದ ಉಂಗುರ. ಫ್ಯೂರಾನ್ ಎಂದರೆ ನಾಲ್ಕು ಕಾರ್ಬನ್ ಒಂದು ಆಕ್ಸಿಜನ್ ಇರುವ ಪುಟ್ಟ ಉಂಗುರ. ಅದು ತನ್ನಷ್ಟಕ್ಕೇ ಸುಖವಾಗಿರುವ ಅಣು. ಎಲೆಕ್ಟ್ರಾನುಗಳು ಉಂಗುರದ ಸುತ್ತ ಹರಡಿಕೊಂಡು ಅದಕ್ಕೊಂದು ಸ್ಥಿರತೆ ಕೊಟ್ಟಿವೆ. ಮಾಲಿಮೈಡಿನ ಜೊತೆ ಕೂಡುವಾಗ ಈ ಸುಖವನ್ನು ಬಿಟ್ಟುಕೊಡಬೇಕಾಗುತ್ತದೆ. ಹಾಗಾಗಿ ಕೂಡುವುದರ ಲಾಭ ಕಡಿಮೆ, ಇಳಿಜಾರು ತಗ್ಗು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಇಟ್ಟರೆ ಇವೆರಡೂ ಕೂಡುತ್ತವೆ. 110ರಿಂದ 120 ಡಿಗ್ರಿ ದಾಟಿತೆಂದರೆ ಫ್ಯೂರಾನ್ ಫ್ಯೂರಾನಾಗಿ, ಮಾಲಿಮೈಡ್ ಮಾಲಿಮೈಡಾಗಿ ಹಿಂದಿರುಗುತ್ತವೆ. ತಣಿಸಿದರೆ ಮತ್ತೆ ಕೂಡುತ್ತವೆ.

ಇದನ್ನು ವಸ್ತುವಾಗಿ ಮಾಡಿ ತೋರಿಸಿದ್ದು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡ್ ವುಡ್ಲ್ ತಂಡ. ಒಂದು ಅಣುವಿಗೆ ನಾಲ್ಕು ಫ್ಯೂರಾನ್, ಇನ್ನೊಂದಕ್ಕೆ ಮೂರು ಮಾಲಿಮೈಡ್ ಕೂಡಿಸಿ ಬೆರೆಸಿದಾಗ ಎಲ್ಲ ದಿಕ್ಕಿಗೂ ಬಲೆ ಹರಡಿ, ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಸಿಕ್ಕಿತು. ಅದಕ್ಕೆ ಬಿರುಕು ಬೀಳಿಸಿ, ಎರಡು ತುಂಡುಗಳನ್ನು ಒತ್ತಿ ಹಿಡಿದು, 120 ಡಿಗ್ರಿಗಿಂತ ಮೇಲೆ ಕಾಯಿಸಿ ತಣಿಸಿದರು. ಬಿರುಕು ಕೂಡಿಕೊಂಡಿತು. ಗೋಂದು ಹಚ್ಚಿರಲಿಲ್ಲ, ಹೊಸ ರಾಳ ಸುರಿದಿರಲಿಲ್ಲ. ಕೂಡಿದ ಜಾಗದ ಬಲ ಮೊದಲಿನದರ ಸುಮಾರು ಅರ್ಧದಷ್ಟಿತ್ತು. ಮುಂದಿನ ವರ್ಷಗಳಲ್ಲಿ ಇದನ್ನು ಸುಧಾರಿಸಿದರು. ಆ ಪ್ರಬಂಧ ಪ್ರಕಟವಾದದ್ದು 2002ರಲ್ಲಿ. ತಾಮ್ರದ ಕ್ಲಿಕ್, ಅಂದರೆ ಬಿಚ್ಚದ ಕ್ಲಿಕ್, ಜಗತ್ತಿಗೆ ಗೊತ್ತಾದದ್ದೂ ಅದೇ ವರ್ಷ. ಒಂದಕ್ಕೆ ಸಿಕ್ಕ ಪ್ರಚಾರ ಇನ್ನೊಂದಕ್ಕೆ ಸಿಗಲಿಲ್ಲ, ಇರಲಿ.

ಬಿರುಕು ಬಿದ್ದಾಗ ಮುರಿಯುವುದೂ ಹೆಚ್ಚಾಗಿ ಇದೇ ಬಂಧ. ಬಲೆಯಲ್ಲಿ ಎಲ್ಲಕ್ಕಿಂತ ದುರ್ಬಲ ಕೊಂಡಿ ಅದೇ ಆದ್ದರಿಂದ ಬಿರುಕು ಅದರ ಗುಂಟ ಓಡುತ್ತದೆ. ಮುರಿದ ಅಂಚಿನಲ್ಲಿ ಫ್ಯೂರಾನ್, ಮಾಲಿಮೈಡ್‌ಗಳು ಬಿಡಿಬಿಡಿಯಾಗಿ, ಕೂಡಲು ತಯಾರಾಗಿ ನಿಂತಿರುತ್ತವೆ. ತನ್ನ ದೌರ್ಬಲ್ಯವೇ ತನ್ನ ರಿಪೇರಿಗೆ ಒದಗುವ ವಸ್ತು.

ಫ್ಯೂರಾನಿನ ಇನ್ನೊಂದು ಅನುಕೂಲ ಅದರ ಮೂಲ. ಪೆಟ್ರೋಲಿಯಂ ಬೇಕಿಲ್ಲ. ಕಬ್ಬಿನ ಸಿಪ್ಪೆ, ಜೋಳದ ದಿಂಡು, ಧಾನ್ಯಗಳ ಹೊಟ್ಟನ್ನು ಆಮ್ಲದ ಜೊತೆ ಕಾಯಿಸಿದರೆ ಫರ್ಫ್ಯುರಾಲ್ ಎಂಬ ದ್ರವ ಸಿಗುತ್ತದೆ, ಅದರಿಂದ ಫ್ಯೂರಾನ್ ಕುಟುಂಬದ ಎಲ್ಲವನ್ನೂ ಮಾಡಬಹುದು. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ತಯಾರಿಸುತ್ತಿತ್ತು. ನಮ್ಮ ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಹೆಚ್ಚಾಗಿ ಬಾಯ್ಲರಿಗೆ ಹೋಗುತ್ತದೆ.

ಬಿಸಿ ಮಾಡಲಾಗದಿದ್ದರೆ?

ಪ್ರೋಟೀನನ್ನು 120 ಡಿಗ್ರಿಗೆ ಕಾಯಿಸಿದರೆ ಬೆಂದುಹೋಗುತ್ತದೆ. ಆದ್ದರಿಂದ ಜೀವಶಾಸ್ತ್ರದ ಕೆಲಸಕ್ಕೆ ಬೇರೆ ಸೂಚನೆ ಬೇಕು.

ಬೆಳಕು ಒಂದು ದಾರಿ. ಕೂಮರಿನ್ ಎಂಬ ಅಣುಗಳ ಮೇಲೆ 350 ನ್ಯಾನೋಮೀಟರ್ ಆಸುಪಾಸಿನ ನೇರಳಾತೀತ ಬೆಳಕು ಬಿದ್ದರೆ ಅವು ಎರಡೆರಡಾಗಿ ಕೂಡುತ್ತವೆ. 254 ನ್ಯಾನೋಮೀಟರಿನ ಬೆಳಕು ಬಿದ್ದರೆ ಬಿಡಿಯಾಗುತ್ತವೆ. ಆಂತ್ರಸೀನ್ ಎಂಬುದೂ ಹೀಗೇ ವರ್ತಿಸುತ್ತದೆ. ಬೆಳಕು ಬಿದ್ದ ಜಾಗದಲ್ಲಷ್ಟೇ ಕೆಲಸ ಆಗುವುದು ಇದರ ಗುಣ. ಮೈಯೊಳಗೆ, ದಪ್ಪ ವಸ್ತುವಿನೊಳಗೆ ಬೆಳಕು ಇಳಿಯದಿರುವುದು ಇದರ ತೊಂದರೆ.

ಇನ್ನೊಂದು ದಾರಿ ಮತ್ತೊಂದು ರಾಸಾಯನಿಕ. ಇದರಲ್ಲಿ ಮನಸ್ಸಿಗೆ ಹಿಡಿಸುವ ಕೆಲಸ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಎರಿಕ್ ಆನ್‌ಸ್ಲಿನ್ ತಂಡದ್ದು, 2016ರಲ್ಲಿ ‘ನೇಚರ್ ಕೆಮಿಸ್ಟ್ರಿ’ಯಲ್ಲಿ ಬಂದದ್ದು. ಪ್ರೋಟೀನುಗಳಲ್ಲಿ ಸಹಜವಾಗಿಯೇ ಇರುವ ಎರಡು ತುದಿಗಳನ್ನು ಅವರು ಬಟನ್‌ಗಳಾಗಿ ಬಳಸಿಕೊಂಡರು: ನೈಟ್ರೋಜನ್ ಇರುವ ಅಮೀನ್, ಗಂಧಕ ಇರುವ ಥಯಾಲ್. ಇವೆರಡರ ನಡುವೆ ದಲ್ಲಾಳಿಯಂತೆ ಒಂದು ಪುಟ್ಟ ಅಣು. ಆ ಅಣುವಿಗೆ ಗಂಧಕದ ಎರಡು ಗುಂಪುಗಳು ಅಂಟಿಕೊಂಡಿರುತ್ತವೆ. ಮೊದಲು ಅಮೀನ್ ಬಂದು ಒಂದನ್ನು ತಳ್ಳಿ ಆ ಜಾಗ ಹಿಡಿಯುತ್ತದೆ. ನಂತರ ಥಯಾಲ್ ಬಂದು ಇನ್ನೊಂದರ ಜಾಗ ಹಿಡಿಯುತ್ತದೆ. ಕೋಣೆಯ ಬಿಸಿಯಲ್ಲಿ, ನೀರಿನಲ್ಲೇ, ಅಮೀನೂ ಥಯಾಲೂ ಕೂಡಿದಂತಾಯಿತು.

ಬಿಡಿಸಲು ಡೈಥಯೋಥ್ರೈಟಾಲ್ ಹಾಕುತ್ತಾರೆ. ಬಯೊಕೆಮಿಸ್ಟ್ರಿ ಲ್ಯಾಬುಗಳಲ್ಲಿ ಡಿಟಿಟಿ ಎಂದೇ ಎಲ್ಲರಿಗೂ ಪರಿಚಯ. ಫ್ರಿಡ್ಜಿನ ಯಾವುದಾದರೂ ಮೂಲೆಯಲ್ಲಿ ಇದರ ಬಾಟಲಿ ಇದ್ದೇ ಇರುತ್ತದೆ. ಅದಕ್ಕೆ ಎರಡು ಗಂಧಕದ ತುದಿಗಳಿವೆ. ಒಂದು ತುದಿ ದಲ್ಲಾಳಿ ಅಣುವನ್ನು ಹಿಡಿದು ಥಯಾಲನ್ನು ಹೊರದೂಡುತ್ತದೆ. ಇನ್ನೊಂದು ತುದಿ ಪಕ್ಕದಲ್ಲೇ ಇರುವುದರಿಂದ ತಡಮಾಡದೆ ಸುತ್ತಿ ಬಂದು ಅಮೀನನ್ನೂ ಹೊರಹಾಕುತ್ತದೆ. ದಲ್ಲಾಳಿಯೂ ಡಿಟಿಟಿಯೂ ಸೇರಿ ಒಂದು ಉಂಗುರವಾಗಿ ಪಕ್ಕಕ್ಕೆ ಸರಿಯುತ್ತವೆ. ಅಮೀನ್, ಥಯಾಲ್ ಎರಡೂ ಮೊದಲು ಹೇಗಿದ್ದವೋ ಹಾಗೆಯೇ, ಮೈಮೇಲೆ ಯಾವ ಗುರುತೂ ಇಲ್ಲದೆ, ವಾಪಸ್ ಸಿಗುತ್ತವೆ. ಇದರ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಕೊಂಡಿ ಕತ್ತರಿಸುವ ಬೇರೆ ವಿಧಾನಗಳಲ್ಲಿ ಕೊಂಡಿಯ ಒಂದು ಚೂರು ಅಣುವಿಗೆ ಅಂಟಿಕೊಂಡೇ ಉಳಿಯುವುದು ಸಾಮಾನ್ಯ.

ಕಟ್ಟಾ ಕ್ಲಿಕ್‌ವಾದಿಗಳು ಇದನ್ನು ಒಪ್ಪದಿರಬಹುದು, ಯಾಕೆಂದರೆ ಕೂಡುವಾಗ ಮೀಥೈಲ್ ಮರ್ಕ್ಯಾಪ್ಟನ್ ಹೊರಬೀಳುತ್ತದೆ. ಅಡುಗೆ ಗ್ಯಾಸಿಗೆ ವಾಸನೆ ಬರಲೆಂದು ಸೇರಿಸುವ ಈಥೈಲ್ ಮರ್ಕ್ಯಾಪ್ಟನ್ನಿನ ಖಾಸಾ ಸೋದರ ಅದು. ನಾತಕ್ಕೂ ಕಡಿಮೆಯಿಲ್ಲ.

ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಫಿಲಿಪ್ ದು ಪ್ರೆ ತಂಡ 2014ರಲ್ಲಿ ಮೂರನೆಯ ಜೋಡಿಯೊಂದನ್ನು ತೋರಿಸಿತು: ಟ್ರಯಜೋಲಿನ್‌ಡಯೋನ್ ಮತ್ತು ಇಂಡೋಲ್. ಮೊದಲನೆಯದರ ದ್ರಾವಣ ಕಡುಗೆಂಪು. ಇಂಡೋಲ್ ಬೆರೆಸಿದರೆ ಕೆಂಪು ಮಾಯವಾಗುತ್ತದೆ. ಕ್ರಿಯೆ ಮುಗಿಯಿತೆಂದು ತಿಳಿಯಲು ಯಂತ್ರವೇ ಬೇಡ, ಕಣ್ಣು ಸಾಕು. ಕಾಯಿಸಿದರೆ ಜೋಡಿ ಬಿಡುತ್ತದೆ. ಆ ಹೊತ್ತಿಗೆ ಇನ್ನೂ ಬಲವಾದ ಜೊತೆಗಾರ ಅಣು ಅಲ್ಲಿದ್ದರೆ ಟ್ರಯಜೋಲಿನ್‌ಡಯೋನ್ ಹಳೆಯ ಜೊತೆ ಬಿಟ್ಟು ಅದರ ಜೊತೆ ಹೊರಟುಬಿಡುತ್ತದೆ.

ದೇಹದೊಳಗೆ ಇದರಿಂದ ಏನು ಉಪಯೋಗ?

ಕೀಮೊ ಔಷಧಗಳು ಕ್ಯಾನ್ಸರ್ ಕೋಶವನ್ನೂ ಕೊಲ್ಲುತ್ತವೆ, ಆರೋಗ್ಯವಂತ ಕೋಶವನ್ನೂ ಕೊಲ್ಲುತ್ತವೆ. ಔಷಧವನ್ನು ಕ್ಯಾನ್ಸರ್ ಕೋಶವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಕಟ್ಟಿ ಕಳಿಸಿ, ಗಡ್ಡೆ ತಲುಪಿದ ಮೇಲೆ ಕಟ್ಟು ಬಿಚ್ಚುವಂತೆ ಮಾಡಿದರೆ ಹಾನಿ ತಗ್ಗುತ್ತದೆ. ಇಲ್ಲಿ ಬಂಧಕ್ಕಿರುವ ಪರೀಕ್ಷೆ ಕಠಿಣ: ರಕ್ತದಲ್ಲಿ ದಿನಗಟ್ಟಲೆ ಬಿಚ್ಚಬಾರದು, ಕೋಶದೊಳಗೆ ಹೋದ ಮೇಲೆ ಬಿಚ್ಚದೆ ಇರಬಾರದು.

ಎರಡು ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಇದಕ್ಕೆ ಒದಗುತ್ತದೆ. ನಮ್ಮ ಕೋಶಗಳೊಳಗೆ ಗ್ಲುಟಾಥಯೋನ್ ಎಂಬ ಗಂಧಕದ ಅಣು ರಕ್ತದಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಜಾಸ್ತಿ ಇರುತ್ತದೆ. ರಕ್ತದಲ್ಲಿ ಗಟ್ಟಿಯಾಗಿರುವ ಬಂಧ ಒಳಗೆ ಹೋದ ಕೂಡಲೇ ಗ್ಲುಟಾಥಯೋನಿಗೆ ಸಿಕ್ಕಿ ಬಿಡುತ್ತದೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೈಲೋಟಾರ್ಗ್ ಎಂಬ ರಕ್ತಕ್ಯಾನ್ಸರ್ ಔಷಧದ ಕೊಂಡಿಯಲ್ಲಿ ಡೈಸಲ್ಫೈಡ್ ಇದೆ. 2010ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದು, 2017ರಲ್ಲಿ ಬೇರೆ ಪ್ರಮಾಣದಲ್ಲಿ ಮತ್ತೆ ಒಪ್ಪಿದರು.

ಬೇಡದಿದ್ದಾಗ ಬಿಚ್ಚಿಕೊಳ್ಳುವ ಬಂಧದ ಕಾಟವೂ ಇದೆ. ಹಲವು ಪ್ರತಿಕಾಯ ಔಷಧಗಳಲ್ಲಿ ಮಾಲಿಮೈಡನ್ನು ಥಯಾಲಿಗೆ ಕೂಡಿಸುತ್ತಾರೆ. ಬಹುಕಾಲ ಇದನ್ನು ಗಟ್ಟಿ ಬಂಧವೆಂದೇ ನಂಬಿದ್ದರು. ಆದರೆ ರಕ್ತದಲ್ಲಿ ಅದು ನಿಧಾನವಾಗಿ ಹಿಂದಿರುಗಿ, ಔಷಧ ಹೊತ್ತ ಮಾಲಿಮೈಡ್ ಅಲ್ಲೇ ತೇಲುತ್ತಿರುವ ಆಲ್ಬುಮಿನ್ ಪ್ರೋಟೀನಿನ ಥಯಾಲಿಗೆ ಹೋಗಿ ಅಂಟಿಕೊಳ್ಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಕೂಡಿಸಿದ ಮೇಲೆ ಮಾಲಿಮೈಡಿನ ಉಂಗುರವನ್ನು ನೀರಿನಿಂದ ಒಡೆದುಬಿಟ್ಟರೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಈಗ ಅದೊಂದು ಉಪಾಯ.

ಇನ್ನೊಂದು ಯೋಜನೆಯಲ್ಲಿ ಕ್ಲಿಕ್ ಕ್ರಿಯೆಯೇ ಬಿಡುಗಡೆಯ ಸೂಚನೆ. ಟೆಟ್ರಜೀನ್ ಮತ್ತು ಟ್ರಾನ್ಸ್-ಸೈಕ್ಲೊಆಕ್ಟೀನ್ ಎಂಬ ಜೋಡಿ ಅತಿ ವೇಗವಾಗಿ ಕೂಡುತ್ತದೆಂದು 2008ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು ತೋರಿಸಿದ್ದರು. 2013ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಎರಡನೆಯದಕ್ಕೆ ಔಷಧವನ್ನು ಕಟ್ಟಿದರು. ಟೆಟ್ರಜೀನ್ ಬಂದು ಕೂಡಿದ ಮೇಲೆ ಒಳಗಿನ ಎಲೆಕ್ಟ್ರಾನುಗಳು ಮರುಹೊಂದಾಣಿಕೆಯಾಗಿ ಔಷಧ ಕಳಚಿ ಬೀಳುತ್ತದೆ. ಕೂಡಿದ್ದು ಹಿಂದಿರುಗುವುದಿಲ್ಲವಾದ್ದರಿಂದ ಕಟ್ಟುನಿಟ್ಟಾಗಿ ನೋಡಿದರೆ ಇದು ‘ಹಿಂದಿರುಗಬಲ್ಲ’ ಕ್ರಿಯೆಯಲ್ಲ, ಒಂದು ಕೂಡಿಕೆ ಇನ್ನೊಂದು ಬಿಡುಗಡೆಗೆ ದಾರಿ ಮಾಡುವುದು. ಗಡ್ಡೆಯೊಳಗೆ ಟೆಟ್ರಜೀನ್ ಇರುವ ಜೆಲ್ ಚುಚ್ಚಿ, ನಂತರ ಡಾಕ್ಸೊರುಬಿಸಿನ್ ಎಂಬ ಕೀಮೊ ಔಷಧವನ್ನು ಕಟ್ಟಿಹಾಕಿದ ರೂಪದಲ್ಲಿ ರಕ್ತಕ್ಕೆ ಬಿಡುವ ಪ್ರಯೋಗ 2020ರಲ್ಲಿ ಮನುಷ್ಯರ ಮೇಲೆ ಶುರುವಾಯಿತು. ಡಾಕ್ಸೊರುಬಿಸಿನ್ ಹೃದಯಕ್ಕೆ ಪೆಟ್ಟು ಕೊಡುವ ಔಷಧ. ಗಡ್ಡೆಯ ಬಳಿ ಮಾತ್ರ ಬಿಚ್ಚಿಕೊಂಡರೆ ಆ ಪೆಟ್ಟು ತಪ್ಪುತ್ತದೆ ಎಂಬುದು ಲೆಕ್ಕಾಚಾರ.

ಹಿಂದಿರುಗುವಿಕೆ ಇಲ್ಲದಿದ್ದರೆ ಕೆಲಸವೇ ನಡೆಯದ ಉದಾಹರಣೆ ಬೇಕೆಂದರೆ ಸಕ್ಕರೆ ಕಾಯಿಲೆಯವರ ಎವರ್‌ಸೆನ್ಸ್ ಸೆನ್ಸರ್ ನೋಡಬಹುದು. ತೋಳಿನ ಚರ್ಮದಡಿ ಇಡುವ ಈ ಕಡ್ಡಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿರುವ ಬೋರಾನ್ ಗುಂಪುಗಳು ಗ್ಲೂಕೋಸನ್ನು ಹಿಡಿದಾಗ ಹೊಳೆಯುತ್ತವೆ. ಗ್ಲೂಕೋಸ್ ಇಳಿದರೆ ಹಿಡಿದದ್ದನ್ನು ಬಿಡುತ್ತವೆ, ಹೊಳಪು ಇಳಿಯುತ್ತದೆ. ಹಿಡಿದು ಬಿಡದಿದ್ದರೆ, ಒಂದು ಹಬ್ಬದೂಟದ ಹೋಳಿಗೆಯ ನಂತರ ಮೀಟರು ಆ ಅಂಕೆಯಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು.

ಗಾಳಿಯಂತ್ರದ ರೆಕ್ಕೆ

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳು ಗಾಜಿನ ನಾರು ಮತ್ತು ರಾಳದಿಂದ ಆದವು. ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಮೇಲೆ ಗೋಪುರದ ಉಕ್ಕು ಗುಜರಿಗೆ ಹೋಗುತ್ತದೆ, ತಂತಿಯ ತಾಮ್ರವೂ ಹೋಗುತ್ತದೆ. ರೆಕ್ಕೆಯನ್ನು ಏನು ಮಾಡುವುದು? ಹಲವು ದೇಶಗಳಲ್ಲಿ ತುಂಡರಿಸಿ ಹೂಳಿದ್ದಾರೆ.

2021ರಲ್ಲಿ ಸೀಮೆನ್ಸ್ ಗಮೇಸಾ ಕಂಪನಿ 81 ಮೀಟರ್ ಉದ್ದದ, ಬಿಡಿಸಬಹುದಾದ ರೆಕ್ಕೆಗಳನ್ನು ಪ್ರಕಟಿಸಿತು. ಮರುವರ್ಷ ಅವು ಜರ್ಮನಿಯ ಸಮುದ್ರದಲ್ಲಿರುವ ಕಾಸ್ಕಾಸಿ ಗಾಳಿ ವಿದ್ಯುತ್ ಕೇಂದ್ರದಲ್ಲಿ ತಿರುಗಲು ತೊಡಗಿದವು. ಅವುಗಳ ರಾಳ ಬಂದದ್ದು ನಮ್ಮ ಆದಿತ್ಯ ಬಿರ್ಲಾ ಸಮೂಹದಿಂದ. ರಾಳವನ್ನು ಗಟ್ಟಿಮಾಡುವ ಹಾರ್ಡ್‌ನರ್ ಅಣುವಿನ ಮಧ್ಯೆ ಆಮ್ಲಕ್ಕೆ ಬಿಡುವ ಒಂದು ಕೊಂಡಿ ಇಟ್ಟಿದ್ದಾರೆ. ಮಳೆ ಬಿಸಿಲಿಗೆ ಅದು ಜಗ್ಗುವುದಿಲ್ಲ. ಕಾಯಿಸಿದ ಸೌಮ್ಯ ಆಮ್ಲದಲ್ಲಿ ಮುಳುಗಿಸಿದರೆ ಬಲೆ ಬಿಡಿಸಿಕೊಂಡು ರಾಳ ದ್ರಾವಣಕ್ಕೆ ಇಳಿಯುತ್ತದೆ, ಗಾಜಿನ ನಾರು ಇಡಿಯಾಗಿ ಕೈಗೆ ಬರುತ್ತದೆ. ಇದೂ ನೇರ ಹಿಮ್ಮುಖ ಕ್ರಿಯೆಯಲ್ಲ, ಹಾರ್ಡ್‌ನರನ್ನು ನಡುವೆ ಕತ್ತರಿಸುವುದು. ಆದರೆ ವಿನ್ಯಾಸದ ದಿನವೇ ಬಿಡಿಸುವ ಜಾಗವನ್ನೂ ಗುರುತಿಸಿಡುವ ಯೋಚನೆ ಎರಡಕ್ಕೂ ಒಂದೇ.

ಎಷ್ಟು ಸಲ ಬಿಡಿಸಿ ಕೂಡಿಸಬಹುದು?

ತತ್ತ್ವದಲ್ಲಿ ಎಷ್ಟು ಸಲವಾದರೂ. ನಡೆಯುವುದು ಹಾಗಲ್ಲ.

ಫ್ಯೂರಾನ್–ಮಾಲಿಮೈಡ್ ಬಲೆಯನ್ನು 120 ಡಿಗ್ರಿಗೆ ಬಿಡಿಸಿದರೆ ಸರಿ. ಅವಸರಕ್ಕೆ ಬಿದ್ದು ಇನ್ನೂ ಬಿಸಿ ಏರಿಸಿ ಹೊತ್ತು ಕಾಯಿಸಿದರೆ, ಬಿಡಿಯಾದ ಮಾಲಿಮೈಡ್‌ಗಳು ಫ್ಯೂರಾನಿಗೆ ಕಾಯದೆ ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ. ಆ ಬಂಧ ಹಿಂದಿರುಗುವ ಜಾತಿಯದಲ್ಲ. ಪ್ರತಿ ಸುತ್ತಿನಲ್ಲಿ ಇಂಥವು ಒಂದಿಷ್ಟು ಹೆಚ್ಚುತ್ತ ಹೋಗಿ, ಕೊನೆಗೆ ವಸ್ತು ಕರಗಲು ಒಲ್ಲೆನ್ನುತ್ತದೆ. ಕೂಮರಿನ್ ಜೋಡಿಗಳಿಗೂ 254 ನ್ಯಾನೋಮೀಟರಿನ ಕಟುಬೆಳಕಿನಲ್ಲಿ ಪೂರ್ತಿ ಬಿಡುಗಡೆ ಸಿಗುವುದಿಲ್ಲ, ಯಾಕೆಂದರೆ ಬಿಡಿಯಾದವು ಅದೇ ಬೆಳಕನ್ನು ಹೀರಿ ಮತ್ತೆ ಕೂಡುತ್ತಿರುತ್ತವೆ.

ಬಳಕೆಯ ಬಿಸಿಯೂ ಒಂದು ಗೆರೆ ಎಳೆಯುತ್ತದೆ. ಎಂಜಿನ್ನಿನ ಪಕ್ಕ 130 ಡಿಗ್ರಿ ಮುಟ್ಟುವ ಜಾಗದಲ್ಲಿ ಕೂರಿಸುವ ಭಾಗವನ್ನು ಈ ಬಲೆಯಿಂದ ಮಾಡುವ ಹಾಗಿಲ್ಲ. ಬಿಗಿದು ಕೂತ ಭಾರವನ್ನು ವರ್ಷಗಟ್ಟಲೆ ಹೊರುವ ಜಾಗದಲ್ಲೂ ಎಚ್ಚರ ಬೇಕು: ಬಂಧಗಳು ಕಡಿಮೆ ಬಿಸಿಯಲ್ಲೂ ಅಪರೂಪಕ್ಕೊಮ್ಮೆ ಬಿಟ್ಟು ಕೂಡುತ್ತಿದ್ದರೆ ವಸ್ತು ಗೊತ್ತಾಗದಂತೆ ನಿಧಾನವಾಗಿ ಜಗ್ಗಿ ಆಕಾರ ಕೆಡುತ್ತದೆ. ಅದನ್ನು ತಡೆಯಲು ಕೆಲವು ತಂಡಗಳು ಬಲೆಯ ಒಂದು ಪಾಲನ್ನು ಬಿಚ್ಚದ ಬಂಧಗಳಿಂದ, ಉಳಿದದ್ದನ್ನು ಬಿಚ್ಚುವ ಬಂಧಗಳಿಂದ ಹೆಣೆಯುತ್ತಿವೆ. ಬಿಚ್ಚದ ಪಾಲು ಹೆಚ್ಚಿದಷ್ಟೂ ಆಕಾರ ನಿಲ್ಲುತ್ತದೆ, ಮತ್ತೆ ಕರಗಿಸುವುದು ಅಷ್ಟೇ ಕಷ್ಟವಾಗುತ್ತದೆ.